ಏನೂ ಆಗದ ವಾರದ ವರದಿ

ಸೇತುವೆ ಕಾಯುವವನ ಕೆಲಸ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ. ದಿನಾ ಬೆಳಿಗ್ಗೆ ಅವನು ಸಣ್ಣ ಸುತ್ತಿಗೆ ಹಿಡಿದು, ಜನ ನಡೆದು ದಾಟುವ ಆ ಕಬ್ಬಿಣದ ಸೇತುವೆಯ ಬೋಲ್ಟುಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುತ್ತಿದ್ದ. ಬಾಯಿಪಾಠದ ಪದ್ಯದಲ್ಲಿ ಒಂದಕ್ಷರ ಜಾರಿದರೂ ಕೇಳುವವನ ಕಿವಿ ನೆಟ್ಟಗಾಗುವಂತೆ, ಸಡಿಲವಾದ ಬೋಲ್ಟು ಅವನಿಗೆ ಸದ್ದಿನಲ್ಲೇ ಸಿಕ್ಕಿಬೀಳುತ್ತಿತ್ತು. ಬಿಗಿ ಮಾಡಿ ಮುಂದಕ್ಕೆ ಹೋಗುತ್ತಿದ್ದ. ಅಷ್ಟೇ.

ಪೀಕಲಾಟ ಶುರುವಾದದ್ದು ಶುಕ್ರವಾರದ ವರದಿಯಿಂದ. ಸರ್ಕಾರಿ ನೌಕರರೆಲ್ಲ ವಾರದಲ್ಲಿ ಮಾಡಿದ ಕೆಲಸವನ್ನು ಐದು ಸಾಲಿನಲ್ಲಿ ಬರೆದು ಕಂಪ್ಯೂಟರಿಗೆ ಹಾಕಲೇಬೇಕು. ಹಾಕದವನ ಹುದ್ದೆಗೆ ಕತ್ತರಿ. ಮೊದಲ ವಾರ ಅವನು ‘ಸೇತುವೆ ಸರಿಯಾಗಿದೆ, ಏನೂ ಆಗಿಲ್ಲ’ ಎಂದು ಬರೆದ. ‘ಸಾಧನೆ ಕಂಡುಬಂದಿಲ್ಲ’ ಎಂದು ಕೆಂಪಕ್ಷರದಲ್ಲಿ ವಾಪಸು ಬಂತು.

ಕಚೇರಿಯ ಟೈಪಿಸ್ಟ್ ನಕ್ಕಳು. ಎಲ್ಲರ ವರದಿಯನ್ನೂ ಎಐ ಕೈಲಿ ಬರೆಸಿಕೊಡುವ ಅವಳಿಗೆ ಪಂಡಿತೆ ಎಂದೇ ಹೆಸರು.

“ಏನೂ ಆಗಿಲ್ಲ ಅಂತ ಯಾರಾದ್ರೂ ಬರೀತಾರಾ ಅಣ್ಣಾ? ಮೇಲೆ ಇದನ್ನ ಓದೋದೂ ಇನ್ನೊಂದು ಎಐನೇ. ಅದಕ್ಕೆ ಹೊಟ್ಟೆ ತುಂಬಾ ಬಡಿಸ್ಬೇಕು.”

“ಸುಳ್ಳಾಗಲ್ವಾ ಅಕ್ಕಾ?”

“ಸುಳ್ಳಲ್ಲ, ಅಲಂಕಾರ.”

ಅಂದಿನಿಂದ ಅವಳು ‘ಬೋಲ್ಟು ಬಿಗಿ ಮಾಡಿದ’ ಎಂದು ಎಐ ಒಳಗೆ ಹಾಕುವುದು, ಅದು ‘ಗಂಭೀರ ಸಡಿಲತೆ ಪತ್ತೆ, ತುರ್ತು ಕ್ರಮದಿಂದ ಅಪಾಯ ನಿವಾರಣೆ’ ಎಂದು ಮೈತುಂಬಿಕೊಂಡು ಹೊರಬರುವುದು ನಡೆಯಿತು. ಅವನು ಓದುವ ಗೋಜಿಗೂ ಹೋಗುತ್ತಿರಲಿಲ್ಲ. ಪರದೆ ಹಸಿರಾದರೆ ಸಾಕು, ಒಪ್ಪಿಗೆ ಒತ್ತಿ ಮನೆಗೆ ಹೊರಡುತ್ತಿದ್ದ.

ಹೀಗಿರುವಾಗ ಮೇಲಿನಿಂದ ಆದೇಶ ಬಂತು: ವಾರವಾರವೂ ಅಪಾಯ ಕಂಡುಬರುತ್ತಿರುವ ಸೇತುವೆಯನ್ನು ಮುಚ್ಚತಕ್ಕದ್ದು. ಎರಡೂ ತುದಿಗೆ ತಗಡಿನ ಬಾಗಿಲಿಟ್ಟು ಬೀಗ ಜಡಿದವನೂ ಅವನೇ.

ಅವನ ಹೆಂಡತಿ ಆಚೆ ದಡದ ಆಸ್ಪತ್ರೆಯಲ್ಲಿ ನರ್ಸು. ಮೊದಲು ಸೇತುವೆ ದಾಟಿದರೆ ಮನೆ. ಈಗ ಬಸ್ಸು ಬದಲಿಸಿ ಊರೆಲ್ಲ ಸುತ್ತಬೇಕು. ಬಂದವಳು ಚಪ್ಪಲಿಯನ್ನೂ ಬಿಚ್ಚದೆ ಕುರ್ಚಿಗೆ ಕುಸಿಯುತ್ತಿದ್ದಳು. ತಟ್ಟೆ ಮುಂದಿಟ್ಟರೆ ಕೂತಲ್ಲೇ ತೂಕಡಿಕೆ.

“ನಿಜ ಹೇಳಿ, ಅದು ಬೀಳೋ ಹಾಗಿದ್ಯಾ?” ಎಂದು ಒಂದು ಸಂಜೆ ಕೇಳಿದಳು.

“ಆನೆ ನಡೆದ್ರೂ ಅಲ್ಲಾಡಲ್ಲ.”

“ಮತ್ತೆ ಮುಚ್ಚಿದ್ದು ಯಾಕೆ?”

ಅವನು ಇದ್ದದ್ದೆಲ್ಲ ಹೇಳಿದ. ಬೈಯುವಷ್ಟು ತ್ರಾಣ ಅವಳಲ್ಲಿರಲಿಲ್ಲ. “ಐದು ಸಾಲಿಗೋಸ್ಕರ ನನ್ನ ಕಾಲು ಮುರಿದ್ರಲ್ರೀ” ಎಂದು ಕಣ್ಣು ಮುಚ್ಚಿದಳು.

ಈ ಸಲ ನಿಜವನ್ನೇ ಬರೆಯುತ್ತೇನೆ ಎಂಬ ಅವನ ಮಾತು ಕೇಳಿ ಶುಕ್ರವಾರ ಪಂಡಿತೆ ಹೌಹಾರಿದಳು. “ಹಳೇದೆಲ್ಲ ಉತ್ಪ್ರೇಕ್ಷೆ ಅಂತ ಬರೆದ್ರೆ ಕೆಲ್ಸ ಹೋಗತ್ತೆ ಅಣ್ಣಾ! ಈ ಕಡೆ ಕೊಡು, ನಯವಾಗಿ ಬರೆಸ್ತೀನಿ.”

“ನಯ ಸಾಕಕ್ಕಾ.”

ಒಂದೊಂದೇ ಅಕ್ಷರ ಹುಡುಕಿ ಅವನೇ ಒತ್ತಿದ: ‘ಸೇತುವೆ ಗಟ್ಟಿಯಾಗಿದೆ. ಹಿಂದಿನ ವರದಿಗಳಲ್ಲಿದ್ದ ಅಪಾಯ ಎಐ ಕಟ್ಟಿದ್ದು, ಒಪ್ಪಿದವನು ನಾನು. ಮನುಷ್ಯರು ಯಾರಾದರೂ ಬಂದು ನೋಡಿ.’

ಇನ್ನೂ ಎರಡು ಸಾಲು ಬೇಕೆಂದಿತು ಪರದೆ. ಬೇರೇನೂ ತೋಚಲಿಲ್ಲ. ಹಾಡುವವರು ಪಲ್ಲವಿಗೆ ಮರಳುವ ಹಾಗೆ ಮತ್ತೆ, ‘ಸೇತುವೆ ಗಟ್ಟಿಯಾಗಿದೆ. ಸೇತುವೆ ಗಟ್ಟಿಯಾಗಿದೆ’ ಎಂದು ಬರೆದು ಕಳಿಸಿದ. ಪರದೆ ಕೆಂಪೂ ಆಗಲಿಲ್ಲ, ಹಸಿರೂ ಆಗಲಿಲ್ಲ. ‘ಪರಿಶೀಲನೆಯಲ್ಲಿದೆ’ ಎಂದಿತು.

ಅವನು ನೇರ ಬಸ್ ನಿಲ್ದಾಣಕ್ಕೆ ಹೋಗಿ ಹೆಂಡತಿಗಾಗಿ ಕಾದ. ಇಳಿದವಳು ಹುಬ್ಬೇರಿಸಿದಳು.

“ನೀವೇನ್ರೀ ಇಲ್ಲಿ?”

“ನಿಜ ಬರೆದುಬಿಟ್ಟೆ.”

“ಕೆಲಸ?”

“ಗೊತ್ತಿಲ್ಲ.”

ಅವಳು ಹೆಗಲಿನ ಚೀಲ ಕಳಚಿ ಅವನ ಕೈಗೆ ಕೊಟ್ಟಳು. “ಸದ್ಯಕ್ಕೆ ಇದನ್ನ ಹೊರಿ.”

ದಾರಿಯಲ್ಲಿ ಮುಚ್ಚಿದ ಸೇತುವೆ ಸಿಕ್ಕಿತು. ತಗಡಿನ ಸಂದಿಯಲ್ಲಿ ಕೈ ತೂರಿಸಿ ಅವನು ಕಂಬಿಯನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಎಲ್ಲೂ ಸಡಿಲವಿಲ್ಲದ ತುಂಬು ಸದ್ದು ಆಚೆ ದಡದತ್ತ ಹೋಯಿತು.

“ಕೇಳಿಸ್ತಾ?”

“ನನಗೆ ಕಾಲುನೋವು ಬಿಟ್ಟು ಏನೂ ಕೇಳಿಸ್ತಿಲ್ಲ” ಎಂದಳು. ಆದರೂ ತಾನೂ ಬಾಗಿ ಒಮ್ಮೆ ತಟ್ಟಿ ನೋಡಿದಳು.