ನುಂಗಿದ ಬೈಗುಳ

“ಏ ಮುಂಡೇದೇ, ಕೈಗೇನು ಲಕ್ವ ಹೊಡೆದಿದೆಯಾ? ತಳ್ಳೇ ಒಳಕ್ಕೆ!”

ಮೇಸ್ತ್ರಿ ಕಿವಿಯ ಹತ್ತಿರವೇ ಬಂದು ಕಿರುಚಿದ. ಎಂಜಲು ಮೂಗಿಯ ಕೆನ್ನೆಗೆ ಸಿಡಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಒದ್ದೆ ಬೆಡ್‌ಶೀಟಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಜೊತೆಗೆ ದುಡಿಯುವ ದೊಡ್ಡಕ್ಕನ ಕೈಯಲ್ಲಿ. ಎದುರಿಗೆ ಹಬೆ ಕಾರುತ್ತ ತಿರುಗುವ ಕಬ್ಬಿಣದ ಉರುಳೆ. ಆಸ್ಪತ್ರೆಗಳ ಬಟ್ಟೆ ಒಗೆದು ಇಸ್ತ್ರಿ ಮಾಡುವ ಆ ಶೆಡ್ಡಿನಲ್ಲಿ ಹನ್ನೊಂದು ವರ್ಷದಿಂದ ಅವಳು ಒಂದು ಸಲವೂ ಎದುರಾಡಿದವಳಲ್ಲ. ಅದಕ್ಕೇ ಮೂಗಿ ಅನ್ನುವ ಹೆಸರು.

ಮನೆಯಲ್ಲಿ ಮಾತ್ರ ಅವಳಿಗೆ ಬಾಯಿತ್ತು. ಹಗಲೆಲ್ಲ ನುಂಗಿದ್ದನ್ನು ಸಂಜೆ ಅತ್ತೆಯ ಮೇಲೆ, ಮಗಳ ಮೇಲೆ ಕಾರಿಕೊಳ್ಳುತ್ತಿದ್ದಳು. ಇವತ್ತು ಬೆಳಿಗ್ಗೆ, ತಲೆ ಬಾಚಲು ಕರೆದ ಅಜ್ಜಿಗೆ ಒಂಬತ್ತು ವರ್ಷದ ಮಗಳು, “ಸುಮ್ನಿರೇ, ಮುದಿ ಸೂಳೆ” ಅಂದಿದ್ದಳು. ಮೂಗಿ ಹಿಂದುಮುಂದು ನೋಡದೆ ಬಾರಿಸಿದ್ದಳು. ತುಟಿ ಒಡೆದು, ಹಲ್ಲೊಂದು ನೆಲಕ್ಕೆ ಬಿದ್ದಿತ್ತು.

“ಯಾರೇ ಕಲಿಸ್ದೋರು ಇದನ್ನ?”

ಹುಡುಗಿ ಅಳಲಿಲ್ಲ. ರಕ್ತ ಉಗುಳಿ, “ನೀನೇ ಅಲ್ವೇನಮ್ಮಾ, ದಿನಾ ಅನ್ನೋದು?” ಅಂದಳು.

ಆ ಮಾತು ಈಗಲೂ ತಲೆಯೊಳಗೆ ಕೊರೆಯುತ್ತಿತ್ತು.

“ಬೇಗ ಬೇಗ! ಗಂಡನ ಮಗ್ಗುಲಲ್ಲಿ ಮಲಗಿದೀಯೇನೇ, ಮುದಿ ಲೌಡಿ?” ಮೇಸ್ತ್ರಿ ದೊಡ್ಡಕ್ಕನ ಹೆಗಲು ಹಿಡಿದು ನೂಕಿದ. ಅವಳು ಮುಗ್ಗರಿಸಿದಳು. ಬೆಡ್‌ಶೀಟಿನ ಜೊತೆ ಅವಳ ಬಲಗೈ ಉರುಳೆಯೊಳಕ್ಕೆ ಹೋಯಿತು.

ಕಿರುಚಾಟ. ಚರ್ಮ ಸುಟ್ಟ ವಾಸನೆ. ಮೂಗಿ ಕೆಂಪು ಗುಂಡಿಗೆ ಗುದ್ದಿ ಉರುಳೆ ನಿಲ್ಲಿಸಿದಳು. ನಾಲ್ಕು ಜನ ಸೇರಿ ಕೈ ಬಿಡಿಸಿದಾಗ ಬೆರಳಿನ ತೊಗಲು ಬಟ್ಟೆಗೆ ಅಂಟಿಕೊಂಡು ಬಂತು.

ಮೇಸ್ತ್ರಿ ನೋಡಿದ್ದು ಬಟ್ಟೆಯನ್ನು. “ಹೊಸಾ ಬೆಡ್‌ಶೀಟು! ಹಾಳು ಮಾಡಿದ್ಲಲ್ಲೋ ಸೂಳೆಮುಂಡೆ!”

ಮೂಗಿ ಬುಟ್ಟಿಯಿಂದ ಒದ್ದೆ ಬೆಡ್‌ಶೀಟೊಂದನ್ನು ಎಳೆದು, ಹುರಿ ಮಾಡಿ ಬೀಸಿದಳು. ಮೊದಲ ಏಟು ದವಡೆಗೆ. ಎರಡನೆಯದಕ್ಕೆ ಅವನು ಕೆಳಗುರುಳಿದ. ಎದೆಯ ಮೇಲೆ ಮಂಡಿಯೂರಿ ಬಟ್ಟೆಯ ತುದಿಯನ್ನು ಅವನ ಬಾಯಿಗೆ ತುರುಕಿದಳು.

“ಅನ್ನೋ! ಇನ್ನೊಂದ್ಸಲ ಅನ್ನು! ನನ್ ಮಗಳ ಬಾಯಿವರ್ಗೂ ಬಂದ್ಯಲ್ಲೋ, ಬೇವರ್ಸಿ!”

ಯಾರೂ ಬಿಡಿಸಲು ಬರಲಿಲ್ಲ. ಅವನ ಕಣ್ಣು ಮೇಲಾದಾಗ, ಗೋಡೆಗೊರಗಿ ನರಳುತ್ತಿದ್ದ ದೊಡ್ಡಕ್ಕನೇ, “ಸಾಕು ಬಿಡೇ ತಾಯಿ, ಸತ್ತೋಗ್ತಾನೆ” ಅಂದಳು.

ದೊಡ್ಡಕ್ಕನನ್ನು ಆಸ್ಪತ್ರೆಗೆ ಸಾಗಿಸಿದ ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪು ಬಂತು. ಪೇದೆ ಬಾಗಿಲು ತೆರೆದು, ಲಾಠಿಯಿಂದ ಮೂಗಿಯ ಬೆನ್ನಿಗೆ ತಿವಿದ.

“ಹತ್ತೇ, ಲೌಡಿ.”

ಒಂದು ಕಾಲು ಮೇಲಿಟ್ಟಿದ್ದವಳು ಇಳಿಸಿಬಿಟ್ಟಳು. “ನೆಟ್ಟಗೆ ಕರಿ. ಹತ್ತೀನಿ.”

ಲಾಠಿ ಮಂಡಿಗೆ ಬಿತ್ತು. ಕುಸಿದಳು. ಶೆಡ್ಡಿನ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದು ಜೀಪಿನ ಮುಂದೆ ನಿಂತರು. ಮೂಗಿ ಜೀಪಿನ ಬಾಗಿಲು ಹಿಡಿದು ಒಂಟಿ ಕಾಲಲ್ಲಿ ಎದ್ದಳು.

“ನೆಟ್ಟಗೆ ಕರಿ.”

ಪೇದೆ ಮತ್ತೆ ಲಾಠಿ ಎತ್ತಿದ.