ಫಿಜಿ ರೇಡಿಯೋದಲ್ಲಿ ಬಾರದ ಹೆಸರು

ಮಧುಗಿರಿ ಬೆಟ್ಟದ ಬುಡದಲ್ಲಿ ಬೆಳಗಿನ ವಾಕಿಂಗ್ ಮಾಡುವವರದು ಒಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ವಾಕಿಂಗ್ ಸುದ್ದಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತಿತ್ತು. ಗುಲಾಬಿ ಹೂವಿನ ಮೇಲೆ ಶುಭೋದಯ, ನಿಂಬೆಹಣ್ಣಿನಿಂದ ಸಕ್ಕರೆ ಕಾಯಿಲೆ ವಾಸಿ ಮಾಡುವ ಉಪಾಯ, ಯಾವುದೋ ಊರಿನ ಯಾರದೋ ಜಗಳದ ವಿಡಿಯೋ. ಗುಂಪಿನ ಅಡ್ಮಿನ್ ವೇದಾವತಿ ದೊಡ್ಡೇರಿ ಹೈಸ್ಕೂಲಿನ ವಿಜ್ಞಾನದ ಮೇಡಂ. ಒಂದು ದಿನ ಅವರಿಗೆ ರೋಸಿಹೋಯಿತು. ಇನ್ನು ಮುಂದೆ ಫಾರ್ವರ್ಡ್ ಹಾಕಿದವರನ್ನು ಗುಂಪಿನಿಂದ ತೆಗೆಯುತ್ತೇನೆ, ಅದರ ಬದಲು ಭಾನುವಾರ ಒಬ್ಬೊಬ್ಬರೂ ಒಂದು ವೆಬ್‌ಸೈಟ್ ಹಾಕಿ ಎಂದು ಬರೆದರು. ಅದು ತಾವೇ ಬಳಸಿ ನೋಡಿದ್ದಾಗಿರಬೇಕು. ಉಪಯೋಗಕ್ಕಾದರೂ ಬರಬೇಕು, ಇಲ್ಲ ನಗಿಸಲಾದರೂ ನಗಿಸಬೇಕು.

ಈ ನಿಯಮದಿಂದ ಕೈಕಟ್ಟಿದಂತಾದವರು ಮರುಳಸಿದ್ದಯ್ಯ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಅವರು ದಿನಾ ಹಲ್ಲುಜ್ಜುವ ಮೊದಲೇ ಎಲ್ಲರಿಗೂ ಶುಭೋದಯ ಹೇಳುತ್ತಿದ್ದರು. ವೆಬ್‌ಸೈಟ್ ಎಂದರೆ ಅವರಿಗೆ ಪಿಂಚಣಿಗೆ ಸಂಬಂಧಪಟ್ಟ ಒಂದೇ ಒಂದು ಗೊತ್ತಿತ್ತು. ಅದು ಉಪಯೋಗಕ್ಕೆ ಬರುತ್ತಿತ್ತೇ ವಿನಾ ಯಾರನ್ನೂ ನಗಿಸುತ್ತಿರಲಿಲ್ಲ. ಹಾಗಾಗಿ ಅವರು ಬೇರೆಯವರು ಹಾಕಿದ್ದನ್ನು ನೋಡುವವರಾದರು. ಮೆಡಿಕಲ್ ಸ್ಟೋರಿನ ಕಿರಣ್‌ಕುಮಾರ್, ಸಿಡಿಲು ಎಲ್ಲೆಲ್ಲಿ ಬೀಳುತ್ತಿದೆ ಎಂದು ಆ ಕ್ಷಣದಲ್ಲೇ ತೋರಿಸುವ ನಕ್ಷೆ ಹಾಕಿದ. ಪಾವಗಡದ ಕಡೆ ಚುಕ್ಕೆ ಮೂಡಿತೆಂದರೆ ಮರುಳಸಿದ್ದಯ್ಯ ಟಿವಿ ಪ್ಲಗ್ ಕಿತ್ತಿಡುತ್ತಿದ್ದರು. ತಾಲ್ಲೂಕು ಕಚೇರಿಯ ವನಜಾಕ್ಷಿ ಹಾಕಿದ್ದು ಇನ್ನೊಂದು ಬಗೆಯದು: ನೀವು ನಿಂತ ಜಾಗದಲ್ಲಿ ನೇರ ಗುಂಡಿ ತೋಡುತ್ತಾ ಹೋದರೆ ಭೂಮಿಯ ಆಚೆ ಬದಿ ಎಲ್ಲಿ ಏಳುತ್ತೀರಿ ಎಂದು ಹೇಳುವ ಸೈಟು. ಮಧುಗಿರಿಯಲ್ಲಿ ತೋಡಿದರೆ ಪೆಸಿಫಿಕ್ ಸಮುದ್ರದ ನಡುಮಧ್ಯ ಏಳಬೇಕಾಗುತ್ತಿತ್ತು. ಬೋರು ಕೊರೆಸಿ ನೀರು ಸಿಗದ ನಮ್ಮ ಜನಕ್ಕೆ ಕೊನೆಗೂ ನೀರು ಸಿಗುವುದು ಅಲ್ಲೇ ಎಂದು ಯಾರೋ ಬರೆದರು.

ಆಮೇಲೊಂದು ಭಾನುವಾರ ವೇದಾವತಿ ಭೂಗೋಳದ ರೇಡಿಯೋ ಹಾಕಿದರು. ಪರದೆಯ ಮೇಲೆ ಭೂಮಿ ತಿರುಗುತ್ತದೆ. ಅದರ ತುಂಬಾ ಹಸಿರು ಚುಕ್ಕೆಗಳು. ಯಾವ ಚುಕ್ಕೆಯ ಮೇಲೆ ಬೆರಳಿಟ್ಟರೂ ಆ ಊರಿನ ರೇಡಿಯೋ ಅದೇ ಕ್ಷಣ ಮಾತಾಡುತ್ತದೆ.

ಮರುಳಸಿದ್ದಯ್ಯ ಅದಕ್ಕೆ ಅಂಟಿಕೊಂಡುಬಿಟ್ಟರು. ಊಟಕ್ಕೆ ಕೂತಾಗಲೂ ಫೋನು ತಟ್ಟೆಯ ಪಕ್ಕದಲ್ಲೇ ಇರುತ್ತಿತ್ತು. ಹೀಗೆ ತಿರುಗಿಸುತ್ತಾ ಒಂದು ಬೆಳಿಗ್ಗೆ ಫಿಜಿ ದ್ವೀಪಕ್ಕೆ ಹೋದರು. ಅಲ್ಲಿ ಆಗಲೇ ಮಧ್ಯಾಹ್ನ. ಹೆಂಗಸೊಬ್ಬಳು ಹಿಂದೆ ಕಬ್ಬಿನ ತೋಟದ ಕೂಲಿಗೆಂದು ಹೋಗಿ ಅಲ್ಲೇ ನೆಲೆಸಿದ ಭಾರತೀಯರ, ತಾವೆಂದೂ ಕೇಳದ ಒಂಥರಾ ಹಿಂದಿಯಲ್ಲಿ ಮಾತಾಡುತ್ತಾ ಕೇಳುಗರು ಬಯಸಿದ ಹಳೆಯ ಹಾಡು ಹಾಕುತ್ತಿದ್ದಳು. ಹಾಡಿಗಿಂತ ಮೊದಲು ಹೆಸರುಗಳು. ಇಂಥ ಊರಿನಿಂದ ಇಂಥವರು, ಅವರ ಗೆಳೆಯರು, ಮನೆಮಂದಿ. ಅದನ್ನು ಕೇಳುತ್ತಾ ಮರುಳಸಿದ್ದಯ್ಯನವರ ಕಣ್ಣು ಒದ್ದೆಯಾಯಿತು.

ಕಾಲೇಜು ಓದುವಾಗ ಶಿರಾದಲ್ಲಿ ಅವರೂ ಬುಕ್ಕಾಪಟ್ಟಣದ ದೊಡ್ಡರಂಗಪ್ಪನೂ ಒಂದೇ ರೂಮಿನಲ್ಲಿದ್ದರು. ಇಬ್ಬರಿಗೂ ರೇಡಿಯೋ ಹುಚ್ಚು. ಗೆಳೆಯರ ಹೆಸರೆಲ್ಲ ಸೇರಿಸಿ ದೂರದ ಹಿಂದಿ ಸ್ಟೇಷನ್ನಿಗೆ ಹಾಡು ಕೋರಿ ಪೋಸ್ಟ್ ಕಾರ್ಡು ಹಾಕುತ್ತಿದ್ದರು. ಅಕ್ಷರ ಚೆಂದವೆಂದು ಬರೆಯುವ ಕೆಲಸ ದೊಡ್ಡರಂಗಪ್ಪನದು. ಎಷ್ಟೋ ತಿಂಗಳು ಕಾದ ಮೇಲೆ ಒಂದು ಸಂಜೆ ಹೋಟೆಲಿನ ರೇಡಿಯೋದಲ್ಲಿ ಅವರ ಹೆಸರುಗಳು ಬಂದವು. ಎಲ್ಲರದೂ ಬಂತು, ಮರುಳಸಿದ್ದಯ್ಯನ ಹೆಸರು ಮಾತ್ರ ಬರಲಿಲ್ಲ. ಬೇಕೆಂದೇ ಬಿಟ್ಟಿದ್ದಾನೆ ಎಂದುಕೊಂಡು ಹೋಟೆಲಿನಲ್ಲೇ ಅವನಿಗೆ ಬಾಯಿಗೆ ಬಂದಂತೆ ಬೈದು, ಮಾರನೆಯ ದಿನ ರೂಮು ಬದಲಾಯಿಸಿದರು. ಅಲ್ಲಿಗೆ ಮುಗಿದ ಸ್ನೇಹ ಆಮೇಲೆ ಚಿಗುರಲಿಲ್ಲ.

ಫಿಜಿಯ ಸ್ಟೇಷನ್ನಿಗೆ ವಾಟ್ಸಾಪಿನಲ್ಲೇ ಕೋರಿಕೆ ಕಳಿಸಬಹುದಿತ್ತು. ಮರುಳಸಿದ್ದಯ್ಯ ವಾಕಿಂಗ್ ಗುಂಪಿನವರ ಹೆಸರುಗಳನ್ನು ಬರೆದು, ಕೊನೆಗೆ ತಮ್ಮದನ್ನೂ ಸೇರಿಸಿ ಕಳಿಸಿದರು. ಮಾರನೆಯ ಬೆಳಿಗ್ಗೆ ಬೆಟ್ಟದ ಬುಡದ ಬಂಡೆಯ ಮೇಲೆ ಎಲ್ಲರನ್ನೂ ಕೂರಿಸಿ ಫೋನಿನ ಸದ್ದು ಜೋರು ಮಾಡಿದರು. ಎರಡು ಹಾಡು ಕಳೆದ ಮೇಲೆ ಆ ಹೆಂಗಸು ಇಂಡಿಯಾದ ಮಧುಗಿರಿ ಎಂದಳು. ವನಜಾಕ್ಷಿ ಕಿರಣ್‌ಕುಮಾರನ ಭುಜ ಹಿಡಿದು ಅಲುಗಾಡಿಸಿದರು. ವೇದಾವತಿ, ವನಜಾಕ್ಷಿ, ಕಿರಣ್‌ಕುಮಾರ್ ಎಂದು ಒಂದೊಂದಾಗಿ ಹೆಸರು ಬಂದವು. ಆಮೇಲೆ ಅವಳು ತಡವರಿಸಿದಳು. ಮರು, ಮರೂಲ ಎಂದು ಎರಡು ಸಲ ಎಡವಿ, ನಕ್ಕು, ಇನ್ನೊಬ್ಬ ಹಿರಿಯರ ಹೆಸರಿಗೆ ನನ್ನ ನಾಲಿಗೆ ಹೊರಳುತ್ತಿಲ್ಲ, ಅವರು ಕ್ಷಮಿಸಬೇಕು ಎಂದು ಹಾಡು ಹಾಕಿಬಿಟ್ಟಳು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮರುಳಸಿದ್ದಯ್ಯ ನಗಲಿಲ್ಲ. ವೇದಾವತಿ ಹತ್ತಿರ ಬಂದು, ಬೇಜಾರಾಯಿತೇ ಎಂದು ಕೇಳಿದರು. ಆಗ ಅವರು ಶಿರಾದ ಕತೆ ಹೇಳಿದರು. ಕೇಳಿಸಿಕೊಂಡ ವನಜಾಕ್ಷಿ ಸುಮ್ಮನಿರಲಿಲ್ಲ.

“ಆವತ್ತೂ ಇಂಗೇ ಆಗಿರ್ಬೋದಲ್ವಾ ಸಾರ್? ಪಾಪ, ಅವ್ರು ನಿಮ್ ಹೆಸ್ರು ಬರ್ದಿದ್ರೇನೋ, ರೇಡಿಯೋದವ್ರೇ ಓದಕ್ಕಾಗ್ದೆ ಬಿಟ್ಟಿರ್ಬೋದು.”

ಮರುಳಸಿದ್ದಯ್ಯ ಮನೆಗೆ ಹೋಗಿ ಸ್ನಾನ ಮಾಡಿ ಶಿರಾ ಬಸ್ಸು ಹತ್ತಿದರು. ಶಿರಾದಿಂದ ಬುಕ್ಕಾಪಟ್ಟಣಕ್ಕೆ ಇನ್ನೊಂದು ಬಸ್ಸು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡರು. ದೊಡ್ಡರಂಗಪ್ಪ ಹೊಲದಲ್ಲಿ ಹರಿದ ಡ್ರಿಪ್ ಪೈಪಿಗೆ ರಬ್ಬರು ಸುತ್ತುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು ಎದ್ದು ನಿಂತ. ಮರುಳಸಿದ್ದಯ್ಯ ಕೂರದೆಯೇ, ಕಾರ್ಡಿನ ವಿಷಯದಲ್ಲಿ ತಪ್ಪು ತಿಳಿದು ಅನ್ನಬಾರದ್ದು ಅಂದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದರು.

“ಯಾವ ಕಾರ್ಡಯ್ಯ?” ಎಂದ ದೊಡ್ಡರಂಗಪ್ಪ. “ನಾವು ಜಗಳ ಆಡಿದ್ವಾ? ನಂಗೆ ಗ್ಯಾಪ್ಕನೇ ಇಲ್ಲ ಕಣಯ್ಯ. ನಿಂಗೆ ಕೋರ್ಟ್ ಕೆಲ್ಸ ಸಿಕ್ಬುಡ್ತು, ದೊಡ್ಡ ಮನ್ಸ ಆಗ್ಬುಟ್ಟ, ಅದ್ಕೇ ಈ ಕಡೆ ತಲೆ ಹಾಕಲ್ಲ ಅಂದ್ಕಂಡಿದ್ದೆ.”

ಮರುಳಸಿದ್ದಯ್ಯನವರಿಗೆ ಹಗುರವೂ ಆಯಿತು, ಸಿಟ್ಟೂ ಬಂತು. ಇಷ್ಟು ವರ್ಷ ತಾವೊಬ್ಬರೇ ಹೊತ್ತು ತಿರುಗಿದ ಜಗಳ ಇನ್ನೊಬ್ಬನಿಗೆ ನೆನಪೇ ಇರಲಿಲ್ಲ. ಅಷ್ಟರಲ್ಲಿ ದೊಡ್ಡರಂಗಪ್ಪನ ಹೆಂಡತಿ ಚಿಕ್ಕಹನುಮಕ್ಕ ಬಂದು, ಮುದ್ದೆ ಆರಿಹೋಗುತ್ತದೆಂದು ಇಬ್ಬರನ್ನೂ ಮನೆಗೆ ಕರೆದುಕೊಂಡು ಹೋದಳು.

ಊಟವಾದ ಮೇಲೆ ಮರುಳಸಿದ್ದಯ್ಯ ಭೂಗೋಳದ ರೇಡಿಯೋ ತೆಗೆದು ತೋರಿಸಿದರು. ದೊಡ್ಡರಂಗಪ್ಪನಿಗೆ ಫಿಜಿ ಹಿಡಿಸಲಿಲ್ಲ. ತಾನೇ ಬೆರಳಾಡಿಸುತ್ತಾ ಮಂಗೋಲಿಯಾದ ಯಾವುದೋ ಊರಿನಲ್ಲಿ ನಿಂತ. ಗಂಡಸೊಬ್ಬ ದನಿ ಎಳೆದೆಳೆದು ಹಾಡುತ್ತಿದ್ದ.

“ಇವ್ನು ಕುರಿ ಕಾಯೋನೇ ಕಣಯ್ಯ,” ಎಂದ ದೊಡ್ಡರಂಗಪ್ಪ. “ಕೂಗೋದ್ರಲ್ಲೇ ಗೊತ್ತಾಯ್ತದೆ.”

ಮರುಳಸಿದ್ದಯ್ಯ ಅವನನ್ನೂ ಗುಂಪಿಗೆ ಸೇರಿಸಿದರು. ಮುಂದಿನ ಭಾನುವಾರ ಅವನು ಹಕ್ಕಿಗಳ ಕೂಗು ಕೇಳಿಸುವ ವೆಬ್‌ಸೈಟ್ ಹಾಕಿದ. ಹೊಲದ ಬದುವಿನಲ್ಲಿ ನಿಂತು ಫೋನಿನಲ್ಲಿ ಗೌಜಲಹಕ್ಕಿಯ ಕೂಗು ಹಚ್ಚಿದರೆ ಬೇಲಿಯೊಳಗಿಂದ ನಿಜವಾದ ಹಕ್ಕಿ ಉತ್ತರ ಕೊಡುತ್ತದೆ ಎಂದು ವಿಡಿಯೋ ಸಮೇತ ತೋರಿಸಿದ. ಎಲ್ಲರಿಗೂ ಖುಷಿಯಾಯಿತು. ವೇದಾವತಿ ಮಾತ್ರ, ಹಾಗೆ ಮಾಡಿದರೆ ಹಕ್ಕಿಗಳು ಗಲಿಬಿಲಿಗೊಳ್ಳುತ್ತವೆ, ಮೊಟ್ಟೆ ಬಿಟ್ಟು ಓಡುತ್ತವೆ, ದಯವಿಟ್ಟು ಬೇಡ ಎಂದರು. ಮರುಳಸಿದ್ದಯ್ಯ ಗೆಳೆಯನ ಪರ ಕೋರ್ಟಿನಲ್ಲಿ ವಾದಿಸಿದಂತೆ ಉದ್ದುದ್ದ ಬರೆದರು. ವೇದಾವತಿಯೂ ಬಿಡಲಿಲ್ಲ. ವಾದ ಸಂಜೆಯವರೆಗೆ ನಡೆಯಿತು.

ಕೊನೆಗೆ ದೊಡ್ಡರಂಗಪ್ಪನ ದನಿ ಬಂತು. ಫೋನಿನಲ್ಲಿ ಅಕ್ಷರ ಒತ್ತುವುದು ತ್ರಾಸವೆಂದು ಮಾತಾಡಿಯೇ ಕಳಿಸಿದ್ದ.

“ಮೇಡಮ್ಮೋರು ಯೋಳಿದ್ದೇ ಸರಿ, ಇನ್ ಹಚ್ಚಲ್ಲ. ನೀನು ಸುಮ್ಕಿರಯ್ಯ ಸಿದ್ದಯ್ಯ. ಬರೋ ವಾರ ಕಡ್ಲೇಕಾಯಿ ಕೀಳ್ತೀವಿ, ಎಲ್ರೂ ಬಂದ್ಬುಡಿ. ಹಕ್ಕಿ ಅಲ್ಲೇ ಕೂಗ್ತದೆ, ಫೋನ್ಯಾಕೆ?”

ವೇದಾವತಿ ನಗುಮುಖದ ಗುರುತು ಹಾಕಿದರು. ಕಿರಣ್‌ಕುಮಾರ್ ವ್ಯಾನು ಮಾತಾಡುತ್ತೇನೆ ಎಂದ. ವನಜಾಕ್ಷಿ ತಮ್ಮ ಅತ್ತೆಯನ್ನೂ ಕರೆತರಬಹುದೇ ಎಂದು ಕೇಳಿದರು.