ಲಾಂಡ್ರಿಗೆ ಹಚ್ಚಿದ ತುಕ್ಕು

ನಮ್ಮವರನ್ನು ಅವರ ಗೆಳೆಯರೆಲ್ಲ ಕರೆಯುವುದೇ ‘ತುಕ್ಕು’ ಎಂದು. ಮೊದಲ ಸಲ ಕೇಳಿದಾಗ ನನಗೆ ಮೈ ಉರಿದುಹೋಗಿತ್ತು. ಅದು ಬಿರುದು ಎಂದು ಆಮೇಲೆ ಗೊತ್ತಾಯಿತು. ಪುಟ್ಟ ಪುಟ್ಟ ಮಾದರಿಗಳನ್ನು ಕಟ್ಟಿ ಬಣ್ಣ ಹಚ್ಚುವ ಆ ಭಾನುವಾರದ ಗುಂಪಿನಲ್ಲಿ ಹಡಗು ಮಾಡುವವರಿದ್ದಾರೆ, ರೈಲು ಮಾಡುವವರಿದ್ದಾರೆ. ಆದರೆ ಅಂಗೈ ಅಗಲದ ಹೊಚ್ಚ ಹೊಸ ಪ್ಲಾಸ್ಟಿಕ್ ಲಾರಿಯನ್ನು ಒಂದೇ ಮಧ್ಯಾಹ್ನದಲ್ಲಿ ಗುಜರಿಯವನೂ ಮುಟ್ಟದ ಹಾಗೆ ಮಾಡಬಲ್ಲವರು ಇವರೊಬ್ಬರೇ. ಬಾಗಿಲ ಸಂದಿಗೆ ತುಕ್ಕು, ಚಕ್ರಕ್ಕೆ ಒಣಗಿದ ಕೆಸರು, ಹೊಗೆ ಕೊಳವೆಯ ಬಾಯಿಗೆ ಮಸಿ. “ಹೊಸದಾಗಿದ್ರೆ ಅದು ಆಟದ ಸಾಮಾನು ಅಷ್ಟೇ. ಸ್ವಲ್ಪ ಕೊಳೆ ಹತ್ತಿದ ಮೇಲೇ ಅದಕ್ಕೆ ಜೀವ ಬರೋದು” ಎನ್ನುತ್ತಾರೆ.

ಕಸುಬಿನಲ್ಲಿ ಇವರು ಕನ್ನಡಕದ ಗಾಜು ತಿಕ್ಕುವವರು. ದಿನವಿಡೀ ಕಂಡವರ ಗಾಜನ್ನು ಕಲೆಯಿಲ್ಲದಂತೆ ತಿಕ್ಕಿ, ಮನೆಗೆ ಬಂದು ಕಲೆ ಹಚ್ಚಲು ಕೂರುತ್ತಾರೆ. ಮನೆಯಲ್ಲಿ ನನ್ನದೆಂದು ಯಾವ ಸಾಮಾನೂ ಉಳಿದಿಲ್ಲ. ನನ್ನ ಬಾಚಣಿಗೆಯ ಹಲ್ಲು ಯಾವುದೋ ರೈಲು ನಿಲ್ದಾಣದ ಬೇಲಿಯಾಗಿದೆ. ಸೋಸಿ ಉಳಿದ ಚಹಾಪುಡಿಯನ್ನು ಒಣಗಿಸಿ ಡಬ್ಬಿಗೆ ತುಂಬಿಡುತ್ತಾರೆ, ಮರದ ಕೆಳಗೆ ಉದುರಿದ ಎಲೆಗಳಾಗಿ ಅಂಟಿಸಲು. ಒಮ್ಮೆ ಸಿಟ್ಟು ಬಂದು ಅದನ್ನೇ ಮತ್ತೆ ಕುದಿಸಿ ಕೊಟ್ಟೆ. ಪುಣ್ಯಾತ್ಮರು ಇವತ್ತು ಚಹಾ ಚೆನ್ನಾಗಿದೆ ಎಂದರು.

ಇಂಥವರು ಅಕ್ಕನ ಲಾಂಡ್ರಿಯನ್ನು ಕಟ್ಟಲು ಹೊರಟರು.

ಇವರಿಗೆ ಅಕ್ಕ, ನನಗೆ ಅತ್ತಿಗೆ. ತಾಯಿ ತೀರಿಕೊಂಡಾಗ ಇವರಿಗಿನ್ನೂ ಹಾಲುಹಲ್ಲು. ಆಗಷ್ಟೇ ಮದುವೆಯಾಗಿದ್ದ ಅಕ್ಕ, ಗಂಡನನ್ನು ಒಪ್ಪಿಸಿ ತಮ್ಮನನ್ನು ತನ್ನ ಜೊತೆಗೇ ಕರೆದುಕೊಂಡು ಹೋದರು. ಮನೆ ಎಂದರೆ ಮುಂದೆ ಲಾಂಡ್ರಿ, ಹಿಂದೆ ಒಂದು ಕೋಣೆ. ಅಲ್ಲೇ ಇವರು ಬೆಳೆದದ್ದು, ಓದಿದ್ದು. ಭಾವ ಹೋದ ಮೇಲೂ ಅತ್ತಿಗೆ ಒಬ್ಬರೇ ಅಂಗಡಿ ನಡೆಸಿದರು. ಅವರ ಶುಚಿ ಎಂಥದ್ದೆಂದರೆ, ಗಿರಾಕಿ ಕೌಂಟರಿನ ಮೇಲೆ ಕೈಯೂರಿ ಮಾತಾಡಿ ಹೊರಟರೆ, ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಕೈಯ ಗುರುತು ಮಾಯ. ಕೆಲವರು ತಿರುಗಿ ನೋಡಿ ಮುಖ ಚಿಕ್ಕದು ಮಾಡಿಕೊಂಡದ್ದೂ ಉಂಟು.

ಈಗ ಆ ಕಟ್ಟಡವನ್ನು ಕೆಡವುತ್ತಾರೆ ಎಂದಾಯಿತು. ನಮ್ಮ ಜೊತೆಗೆ ಬನ್ನಿ ಎಂದು ನಾವಿಬ್ಬರೂ ಅವರ ಬೆನ್ನು ಬಿದ್ದೆವು. “ತಮ್ಮನ ಮನೇಲಿ ಮೂಲೆ ಹಿಡ್ಕೊಂಡು ಕೂತ್ಕೊಳ್ಳೋಳಲ್ಲ ನಾನು” ಎಂದು ಎಷ್ಟು ಸತಾಯಿಸಿದರೋ. ಕೊನೆಗೆ ಒಪ್ಪಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಬೀದಿ ಕಡೆ ಕಿಟಕಿಯಿದ್ದ ಕೋಣೆ ಖಾಲಿ ಮಾಡಿದೆ, ಕಿಟಕಿಗೆ ಹೊಸ ಪರದೆ ತಂದು ಹಾಕಿದೆ. ನನಗೆ ಅವರು ಬೇಕಿತ್ತು. ಗಂಡನ ಮೇಲೆ ದೂರು ಹೇಳಿದರೆ ಕಿವಿಗೊಟ್ಟು ಕೇಳಿ, ನಿಂದೇ ಸರಿ ಅನ್ನುವ ಹೆಣ್ಣುಜೀವ ನನಗೆ ಅವರೊಬ್ಬರೇ.

ಆ ಕೋಣೆಯಲ್ಲಿ ಅಕ್ಕನ ಕಣ್ಣಿಗೆ ಬೀಳುವ ಹಾಗೆ ಲಾಂಡ್ರಿಯನ್ನೇ ಇಡುತ್ತೇನೆ ಎಂಬುದು ಇವರ ಹಟ. ಗುಟ್ಟಾಗಿ, ಬರೀ ನೆನಪಿನಿಂದ ಕಟ್ಟಿದರು. ಚಪ್ಪಲಿ ಡಬ್ಬಿಯಷ್ಟು ಅಂಗಡಿ. ಚಾವಣಿ ಎತ್ತಿದರೆ ಒಳಗೆಲ್ಲ ಕಾಣುತ್ತದೆ. ಹುಣಸೆ ಬೀಜದಷ್ಟು ಇಸ್ತ್ರಿಪೆಟ್ಟಿಗೆ, ಅದಕ್ಕೆ ದಾರದೆಳೆಯ ವೈರು. ತಂತಿ ಬಗ್ಗಿಸಿದ ಹ್ಯಾಂಗರುಗಳು. ತೆಳುವಾದ ಕಾಗದವನ್ನು ಅಂಟಿನ ನೀರಿನಲ್ಲಿ ಅದ್ದಿ ಮಡಚಿದ ಬಿಳಿ ಹಾಸಿಗೆ ಬಟ್ಟೆಗಳು, ಒಂದರ ಮೇಲೊಂದು. ನೋಡಿ ನಾನೇ ಬೆರಗಾಗಿ ಬಾಯಿಮುಚ್ಚಿಕೊಂಡೆ. ಅದು ನಮ್ಮ ಮನೆಯಲ್ಲಿ ಅಪರೂಪ.

ಆಮೇಲೆ ಇವರು ತಮ್ಮ ಬಿರುದಿಗೆ ತಕ್ಕ ಕೆಲಸ ಮಾಡಿದರು. ಬೋರ್ಡಿನ ಮೊಳೆಗಳಿಂದ ಕೆಳಕ್ಕಿಳಿದ ತುಕ್ಕಿನ ಗೆರೆ. ಶಟರಿಗೆ ಧೂಳು. ಇಸ್ತ್ರಿ ಮೇಜಿನ ಮೇಲ್ಗಡೆ ಚಾವಣಿಗೆ ಹೊಗೆಯ ಕಪ್ಪು. ಬಿಳಿ ಬಟ್ಟೆಯ ಮಡಿಕೆಗಳಿಗೆ ತೆಳ್ಳಗಿನ ಬೂದು ಬಣ್ಣ ಹರಿಸಿದರು. ಹಾಗೆ ಮಾಡದಿದ್ದರೆ ಮಡಿಕೆ ಕಾಣದೆ ಸುಣ್ಣದ ಉಂಡೆಯಂತೆ ಆಗುತ್ತದಂತೆ.

ಕೋಣೆ ನೋಡಲು ಅತ್ತಿಗೆ ಬಂದ ದಿನ ಇವರು ಅವರ ಕಣ್ಣು ಮುಚ್ಚಿಸಿ ಮೇಜಿನ ಮುಂದೆ ನಿಲ್ಲಿಸಿದರು. ಅತ್ತಿಗೆ ಕಣ್ಣು ಬಿಟ್ಟರು. ಮುಖ ಅರಳಿತು. “ಅಯ್ಯೋ, ನನ್ನ ಅಂಗಡಿ!” ಎಂದು ಬಗ್ಗಿದರು. ಬಗ್ಗಿದವರು ಹಾಗೇ ಇದ್ದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು.

“ಈ ಬಟ್ಟೆ ಯಾಕೋ ಹೀಗಿವೆ?”

“ಅದು ನೆರಳು ಅಕ್ಕ.”

“ಗೋಡೆ ಮೇಲೆ ಸೋರಿರೋದು?”

“ತುಕ್ಕು. ಎಷ್ಟು ನಿಜವಾಗಿ ಬಂದಿದೆ ನೋಡು” ಎಂದು ಇವರು ಹಲ್ಲು ಕಿರಿದರು. ನಾನು ಹಿಂದಿನಿಂದ ಪಕ್ಕೆ ತಿವಿದರೂ ಆಸಾಮಿಗೆ ತಿಳಿಯಲಿಲ್ಲ.

ಅತ್ತಿಗೆ ನೆಟ್ಟಗೆ ನಿಂತರು. “ನನ್ನ ಅಂಗಡಿ ಇಷ್ಟು ಕೊಳಕಾಗಿತ್ತಾ?”

“ಕೊಳಕಲ್ಲ ಅಕ್ಕ, ಹಾಗೆ ಮಾಡಿದ್ರೇ ನಿಜ ಅನ್ಸೋದು...”

“ಮನೆ ಅಂತ ಒಂದು ಸರಿಯಾದ ಮನೆ ಕೊಡೋಕಾಗ್ಲಿಲ್ಲ ನಿಂಗೆ. ಅಂಗಡೀಲಿ ಬೆಳೆಸ್ದೆ. ಚೊಕ್ಕಟವಾಗಾದ್ರೂ ಬೆಳೆಸ್ದೆ ಅಂದ್ಕೊಂಡಿದ್ದೆ.” ದನಿ ಏರಲಿಲ್ಲ. ಅದೇ ನನ್ನನ್ನು ಹೆದರಿಸಿತು. “ನಿನ್ನ ಮನಸ್ಸಲ್ಲಿ ಹೀಗೆ ಉಳಿದಿದೆ ಅಂತ ಗೊತ್ತಿರ್ಲಿಲ್ಲ. ನಾನು ಎಲ್ಲಾದ್ರೂ ಒಂದು ಕೋಣೆ ನೋಡ್ಕೋತೀನಿ ಬಿಡು.”

ಚಹಾ ಕೂಡ ಮುಟ್ಟದೆ ಹೊರಟುಹೋದರು. ಇವರು ಗರ ಬಡಿದವರಂತೆ ನಿಂತಿದ್ದರು. ನಾನು ಬಿಡಲಿಲ್ಲ.

“ಲಾರಿಗೆ ಹಚ್ಚೋದನ್ನ ಲಾಂಡ್ರಿಗೆ ಹಚ್ಚಿದ್ರಲ್ಲ, ಬುದ್ಧಿ ಎಲ್ಲಿಟ್ಟಿದ್ರಿ?”

“ಎಲ್ಲದಕ್ಕೂ ಹಾಗೇ ಮಾಡೋದು ಕಣೆ.”

“ಆ ಬೋರ್ಡಿಂದ ತುಕ್ಕು ಸೋರಿದ್ದನ್ನ ನೀವು ಕಣ್ಣಾರೆ ನೋಡಿದ್ರಾ?”

ಇವರು ಯೋಚಿಸಿದರು. ನೋಡಿರಲಿಲ್ಲ. ಕೈಗೆ ಅಭ್ಯಾಸವಾಗಿತ್ತು, ಕೈ ಹಚ್ಚಿತ್ತು, ಅಷ್ಟೇ.

ಮರುದಿನ ಕೆಲಸಕ್ಕೆ ರಜೆ ಹಾಕಿ, ಸಾಮಾನು ಕಟ್ಟಲು ಸಹಾಯ ಮಾಡುವ ನೆವದಲ್ಲಿ ನಾವಿಬ್ಬರೂ ಲಾಂಡ್ರಿಗೆ ಹೋದೆವು. ಅತ್ತಿಗೆ ಬನ್ನಿ ಎಂದರು, ನನ್ನ ಜೊತೆ ಮಾತಾಡಿದರು, ತಮ್ಮನ ಜೊತೆ ಹೂಂ ಉಹೂಂ ಅಷ್ಟೇ. ಇವರು ಹಗ್ಗ ಕಟ್ಟುವುದು ಬಿಟ್ಟು ಅಂಗಡಿಯನ್ನು ನೋಡುತ್ತಾ ಹೋದರು. ಬೋರ್ಡಿನ ಪ್ರತಿ ಮೊಳೆಯ ತಲೆಗೂ ಬಣ್ಣ ಬಳಿದಿತ್ತು. ಶಟರಿನ ಮಡಿಕೆಗಳಲ್ಲಿ ಬೆರಳಾಡಿಸಿದರೆ ಬೆರಳು ಶುದ್ಧ. ಕೆಡವಲಿರುವ ಕಟ್ಟಡದ ಚಾವಣಿಯನ್ನು ಆ ಬೆಳಿಗ್ಗೆಯೂ ಯಾರೋ ಗುಡಿಸಿದ್ದರು. ಯಾರೋ ಏನು, ಅತ್ತಿಗೆಯೇ. ಅಂಗಡಿಯ ಒಳಬದಿಗೆ, ಕೌಂಟರಿನ ಕೆಳಗಿನ ಹಲಗೆಗೆ ಇಳಿಬಿಟ್ಟ ಪುಟ್ಟ ಪರದೆ ಕೂಡ ಇಸ್ತ್ರಿಯಾಗಿತ್ತು. ಬರುವಾಗ ದಾರಿಯುದ್ದಕ್ಕೂ ಇವರು ತಮ್ಮ ಬೆರಳನ್ನೇ ನೋಡಿಕೊಳ್ಳುತ್ತಿದ್ದರು. ಪಾಪ ಅನ್ನಿಸಿತು ನನಗೆ. ಹೇಳಲಿಲ್ಲ, ತಲೆಗೇರಬಾರದು ನೋಡಿ.

ಹಚ್ಚಿದ್ದನ್ನು ತೆಗೆಯುವುದು ಹಚ್ಚುವುದಕ್ಕಿಂತ ಕಷ್ಟ. ಗೋಡೆ ಉಜ್ಜಿದರೆ ಸುಣ್ಣವೂ ಕಿತ್ತು ಬರುತ್ತಿತ್ತು. ಗೋಡೆಗಳನ್ನೂ ಬಟ್ಟೆಗಳನ್ನೂ ಪೂರಾ ಹೊಸದಾಗಿ ಮಾಡಿದರು. ಕೌಂಟರಿಗೆ ಆ ಪುಟ್ಟ ಪರದೆಯನ್ನೂ ಮರೆಯದೆ ಅಂಟಿಸಿದರು. ಮಡಿಕೆ ಕಾಣಿಸುವುದು ಹೇಗೆ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಬಟ್ಟೆಗೆ ಹಾಕುವ ನೀಲಿಯ ಬಾಟಲಿ ತಂದು ಮುಂದೆ ಕುಕ್ಕಿದೆ. “ಬಿಳಿ ಎದ್ದು ಕಾಣ್ಬೇಕಾದ್ರೆ ನೀಲಿ ಹಾಕ್ಬೇಕು. ನಿಮ್ಮಕ್ಕ ಕಲಿಸಿದ್ದೇ.” ಒಂದು ಹನಿಯನ್ನು ನೀರಿಗೆ ಬೆರೆಸಿ ಹರಿಸಿದರು. ಬಟ್ಟೆ ಈಗತಾನೆ ಒಗೆದಂತೆ ಹೊಳೆಯಿತು.

ಕಟ್ಟಿ ಮುಗಿದ ಲಾಂಡ್ರಿ ಪಳಪಳ ಎನ್ನುತ್ತಿತ್ತು. ಇವರ ಮುಖ ಮಾತ್ರ ಹರಳೆಣ್ಣೆ ಕುಡಿದಂತೆ. “ಇದನ್ನ ನೋಡಿದ್ರೆ ನಮ್ಮ ಗುಂಪಿನವರು ನಗ್ತಾರೆ. ಆಟದ ಸಾಮಾನು ಆಗೋಯ್ತು.”

“ನಗ್ಲಿ. ಗುಂಪಿನವರು ನಿಮಗೆ ಬೂಟು ಹಾಕಿ ಸ್ಕೂಲಿಗೆ ಕಳಿಸಿದ್ರಾ?” ಎಂದೆ.

ಅತ್ತಿಗೆ ಕೋಣೆ ಗೊತ್ತು ಮಾಡಿಕೊಂಡಿದ್ದಾರೆ, ಅಂದೇ ಸಂಜೆ ಮಾತು ಮುಗಿಸುತ್ತಾರೆ ಎಂದು ಸುದ್ದಿ ಬಂದ ದಿನ ಮಾದರಿಯನ್ನು ಎತ್ತಿಕೊಂಡು ಓಡಿದೆವು. ದಾರಿಯಲ್ಲಿ ಏನಾದರೂ ಉದುರಿದರೆ ಇರಲಿ ಎಂದು ಇವರ ಬಣ್ಣದ ಪೆಟ್ಟಿಗೆ ನನ್ನ ಕಂಕುಳಲ್ಲಿತ್ತು. ಅಂಗಡಿಯಲ್ಲಿ ಕೌಂಟರೊಂದನ್ನು ಬಿಟ್ಟು ಏನೂ ಉಳಿದಿರಲಿಲ್ಲ. ಅದರ ಮೇಲೆಯೇ ಇಟ್ಟು, ಇವರು ಚಾವಣಿ ಎತ್ತಿದರು.

“ಅಕ್ಕ, ನಾನು ನೋಡ್ದೇನೇ ಮಾಡಿದ್ದೆ. ತಪ್ಪಾಯ್ತು. ಈಗ ನೋಡಿ ಮಾಡಿದೀನಿ.”

ಅತ್ತಿಗೆ ನೋಡಿದರು. ಗೋಡೆ ನೋಡಿದರು, ಮೊಳೆ ನೋಡಿದರು, ಬಟ್ಟೆಯ ಮಡಿಕೆ ನೋಡಿದಾಗ ತುಟಿಯ ಕೊನೆ ಅಲುಗಿತು.

“ಚೆನ್ನಾಗಿದೆ” ಎಂದರು. “ಆದ್ರೆ ಒಂದು ಬಿಟ್ಟಿದ್ದೀಯ.”

“ಏನು?”

“ಅಷ್ಟೆಲ್ಲ ಕೊಳೆ ಹಚ್ಚಿದ್ಯಲ್ಲ ಆವಾಗ, ಇದ್ದದ್ದು ಒಂದೇ ಒಂದು. ಅದನ್ನೇ ನೀನು ಬಿಟ್ಟಿದ್ದೆ. ಈಗ್ಲೂ ಬಿಟ್ಟಿದ್ದೀಯ.” ಕೌಂಟರಿನ ಒಳಬದಿಗೆ ಇವರನ್ನು ಕರೆದು, ಆ ಇಸ್ತ್ರಿ ಮಾಡಿದ ಪರದೆಯನ್ನು ಎತ್ತಿ ಹಿಡಿದರು.

ಹಲಗೆಯ ಮೇಲೆ ಮಸಿ ಮಸಿಯಾಗಿ, ಗೀರು ಗೀರಾಗಿ, ಎರಡು ಕಡೆ ಕಪ್ಪು ಕಲೆ. ಅಕ್ಕ ಇಸ್ತ್ರಿ ಮಾಡುವಾಗ ಅವರಿಗೆ ಮುಖಮಾಡಿ, ಕೌಂಟರಿನ ಮೇಲೆ ಕೂತು ಪಾಠ ಒಪ್ಪಿಸುತ್ತಾ, ಸ್ಕೂಲಿನ ಬೂಟಿನ ಹಿಮ್ಮಡಿಯಿಂದ ಹಲಗೆಗೆ ಒದ್ದು ಒದ್ದು ಇವರೇ ಮಾಡಿದ್ದು.

“ನಿಮ್ ಭಾವ ಬಣ್ಣ ಹೊಡೆಸೋಣ ಅಂತ ಎಷ್ಟು ಸಲ ಹೇಳಿದ್ರು. ನಾನು ಬಿಡ್ಲಿಲ್ಲ. ಒಳಗೆ ಬಂದವರಿಗೆ ಕಾಣ್ಬಾರ್ದು ಅಂತ ಪರದೆ ಹಾಕ್ದೆ. ನನ್ನ ಕೈಯಲ್ಲಿ ಒರೆಸ್ಕೊಳ್ದೇ ಉಳಿದಿರೋದು ಈ ಅಂಗಡೀಲಿ ಇದೊಂದೇ ಕಣೋ.”

ಇವರು ನೆಲದ ಮೇಲೆ ಕೂತೇಬಿಟ್ಟರು. ಗಂಡಸು ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ.

“ಅತ್ತಿದ್ದು ಸಾಕು. ಹಚ್ಚು ಅಲ್ಲಿ, ನಿನ್ನ ಕೊಳೆ” ಎಂದರು ಅತ್ತಿಗೆ.

ಚಿಮುಟದಲ್ಲಿ ಪುಟ್ಟ ಪರದೆ ಕಿತ್ತು, ಇದ್ದುದರಲ್ಲೇ ಸಣ್ಣ ಕುಂಚ ತೆಗೆದು ಕಪ್ಪಿನಲ್ಲಿ ಅದ್ದಿದರು. ಇಡೀ ಲಾರಿಯನ್ನು ಒಂದೇ ಮಧ್ಯಾಹ್ನದಲ್ಲಿ ಹಾಳುಗೆಡವುವ ಕೈ, ಸಾಸಿವೆಯಷ್ಟು ಕಲೆ ಹಚ್ಚಲು ಎರಡು ಸಲ ಹಿಂದೆ ಸರಿದು, ಮೂರನೆಯ ಸಲ ಮುಟ್ಟಿತು. ಬಣ್ಣ ಸ್ವಲ್ಪ ಆಚೆಗೆ ಹರಿಯಿತು. ಥತ್ ಎಂದು ಹತ್ತಿಗೆ ಕೈ ಹಾಕಿದರು. ಅತ್ತಿಗೆ ಅವರ ಮಣಿಕಟ್ಟು ಹಿಡಿದುಕೊಂಡರು.

“ಒರೆಸ್ಬೇಡ” ಎಂದರು.

ಅದು ಒಣಗುವವರೆಗೂ ಹಿಡಿದ ಮಣಿಕಟ್ಟು ಬಿಡಲಿಲ್ಲ. ಆಮೇಲೆ ಅತ್ತಿಗೆ ನನ್ನ ಕಡೆ ತಿರುಗಿ, “ಆ ಕೋಣೆ ಕಿಟಕಿಗೊಂದು ಪರದೆ ಹಾಕಿದ್ಯಲ್ಲ, ಅದನ್ನ ಬಿಚ್ಚಿಡು. ನಾನು ಬಂದು ಒಗೆದು ಹಾಕ್ತೀನಿ” ಎಂದರು.

ಹೊಚ್ಚ ಹೊಸ ಪರದೆ ಅದು. ಆಗಲಿ ಅತ್ತಿಗೆ ಎಂದೆ.